ಬಾಗಿಲು ಹಿಡಿದವಳ ನಂಬರು

ವಿಮಾನ ಕಂಪನಿ ಮುಳುಗಿದರೆ ಪ್ರಯಾಣಿಕನಿಗೆ ಒಂದು ರಜೆ ಹಾಳು. ಒಳಗೆ ಚಹಾ ಕೊಟ್ಟವಳಿಗೆ ವಯಸ್ಸೇ ಹಾಳು. ಇದು ನಿಮಗೆ ಗೊತ್ತಿರಬೇಕಿತ್ತು. ಟಿವಿಯವರು ಸ್ಪೇನಿನ ಪಾಲ್ಮಾ ವಿಮಾನ ನಿಲ್ದಾಣದ ನೆಲದ ಮೇಲೆ ಸೂಟ್‌ಕೇಸಿಗೆ ಒರಗಿ ಅಳುವ ಕುಟುಂಬವನ್ನು ತೋರಿಸುತ್ತಾರೆ. ಸರ್ಕಾರ ಅವರನ್ನು ಕರೆತರಲು ಬೇರೆ ವಿಮಾನ ಕಳಿಸುತ್ತದೆ. ಅವರು ಕಟ್ಟಿದ ದುಡ್ಡು ವಾಪಸು ಬರುತ್ತದೆ. ಆದರೆ ಇಪ್ಪತ್ತಾರು ವರ್ಷದ ಹಿರಿತನವನ್ನು ವಾಪಸು ಕೊಡುವ ಕಚೇರಿ ಇಂಗ್ಲೆಂಡಿನಲ್ಲಿ ಎಲ್ಲಿಯೂ ಇಲ್ಲ.

ನಮ್ಮ ಲೂಟನ್ನಿನ ಗ್ಲೆನಿಸ್ ಓಡೆಲ್‌ಗೆ ಆ ಹಿರಿತನ ಅನ್ನುವುದು ಒಂದು ಸಂಖ್ಯೆಯಾಗಿತ್ತು. ಎಂಬತ್ತನಾಲ್ಕು. ಅವಳ ಜೀವನದ ಕಥೆ ಹೇಳು ಅಂದರೆ ಅವಳು ಹುಟ್ಟಿನಿಂದ ಶುರು ಮಾಡುವುದಿಲ್ಲ, ಮದುವೆಯಿಂದಲೂ ಶುರು ಮಾಡುವುದಿಲ್ಲ. ಒಂದು ಬಾಗಿಲಿನಿಂದ ಶುರು ಮಾಡುತ್ತಾಳೆ.

೧೯೭೬ರ ಏಪ್ರಿಲ್. ಲಾರ್ಕ್‌ಫೀಲ್ಡ್ ಏರ್‌ವೇಸ್ ಅನ್ನುವ ಬಾಡಿಗೆ ವಿಮಾನದ ಕಂಪನಿ ಆಗ ಬೆಳೆಯುತ್ತಿತ್ತು. ಹೋಟೆಲು, ಬೆಳಗಿನ ತಿಂಡಿ, ವಿಮಾನ ಎಲ್ಲಕ್ಕೂ ಸೇರಿಸಿ ಒಂದೇ ರೇಟು. ಹದಿನೈದು ದಿನ ಬಿಸಿಲು. ಅಲ್ಲಿಯವರೆಗೆ ಸಮುದ್ರ ಅಂದರೆ ತಣ್ಣಗೆ ಬೂದಿ ಬಣ್ಣದ್ದು ಎಂದೇ ತಿಳಿದಿದ್ದ ಕಾರ್ಖಾನೆ ಜನ ಹುಲ್ಲಿನ ಕತ್ತೆಗೊಂಬೆ ಕಂಕುಳಲ್ಲಿ ಇಟ್ಟುಕೊಂಡು, ಮೂಗಿನ ಚರ್ಮ ಸುಲಿಸಿಕೊಂಡು ಸ್ಪೇನಿನಿಂದ ಮರಳುತ್ತಿದ್ದರು. ನಾನು ಕೆಳಗೆ ಅವರ ಪೆಟ್ಟಿಗೆ ಇಳಿಸುತ್ತಿದ್ದೆ, ಹಾಗಾಗಿ ಗೊತ್ತು. ಇಪ್ಪತ್ತೆರಡರ ಗ್ಲೆನಿಸ್‌ಗೆ ಲಾರ್ಕ್‌ನಲ್ಲಿ ಗಗನಸಖಿಯ ಕೆಲಸ ಸಿಕ್ಕಿತ್ತು. ಅವಳ ತಾಯಿ ಐವಿ ಮೂವತ್ತು ವರ್ಷ ಟೋಪಿ ಕಾರ್ಖಾನೆಯಲ್ಲಿ ಹುಲ್ಲು ಹೆಣೆದ ಹೆಂಗಸು. ಮೊದಲ ದಿನ ಮಗಳ ಕಾಲರು ಸರಿ ಮಾಡಿ, ಮರ್ಯಾದೆ ಬಿಡಬೇಡ, ಬಾಗಿಲು ಹಿಡಿದರೆ ಕೈ ಸವೆಯಲ್ಲ ಕಣೇ, ಎಂದು ಹೇಳಿ ಕಳಿಸಿದ್ದಳು.

ಗ್ಲೆನಿಸ್ ಇಪ್ಪತ್ತು ನಿಮಿಷ ಮುಂಚೆಯೇ ಹೋದಳು. ಕಚೇರಿಯ ಬಾಗಿಲಿಗೆ ಕೈ ಹಾಕಿದಾಗ ಹಿಂದೆ ಇನ್ನೊಬ್ಬ ಹುಡುಗಿ ಮಳೆಯಲ್ಲಿ ಓಡಿಬಂದಳು. ಒಂದು ಕೈಯಲ್ಲಿ ಮುರಿದ ಕೊಡೆ, ಇನ್ನೊಂದರಲ್ಲಿ ನೆನೆದ ಕಾಗದಗಳು. ಗ್ಲೆನಿಸ್ ಬಾಗಿಲು ತೆರೆದು ಹಿಡಿದು, ನೀವು ಹೋಗಿ, ಅಂದಳು. ನಮ್ಮ ಜನ ಹೀಗೇ. ಹಡಗು ಮುಳುಗುವಾಗಲೂ ಏಣಿಯ ಹತ್ತಿರ ನಿಂತು, ನೀವು ಮೊದಲು, ಇಲ್ಲ ಇಲ್ಲ ನೀವು, ಎಂದು ಚರ್ಚೆ ಮಾಡುವವರು. ಆ ಹುಡುಗಿ ಥ್ಯಾಂಕ್ಸ್ ಹೇಳಿ ಒಳಗೆ ಹೋದಳು. ಸಹಿ ಹಾಕಲು ಪೆನ್ನಿಲ್ಲ ಅಂದಳು. ಗ್ಲೆನಿಸ್ ತನ್ನ ಪೆನ್ನನ್ನೂ ಕೊಟ್ಟಳು.

ಲಾರ್ಕ್‌ನಲ್ಲಿ ಒಂದು ನಿಯಮವಿತ್ತು. ಒಂದೇ ದಿನ ಸೇರಿದವರಲ್ಲಿ ರಿಜಿಸ್ಟರಿಗೆ ಮೊದಲು ಸಹಿ ಹಾಕಿದವರು ಹಿರಿಯರು. ಕೋರಲ್ ಟ್ಯಾನ್ಸ್ಲಿ, ಎಂಬತ್ತಮೂರು. ಗ್ಲೆನಿಸ್, ಎಂಬತ್ತನಾಲ್ಕು.

ಇದರಲ್ಲೇನಿದೆ ಅನ್ನಬೇಡಿ. ಕ್ರಿಸ್‌ಮಸ್ ರಜೆ ಯಾರಿಗೆ, ಜನವರಿಯ ಮಂಜಿನಲ್ಲಿ ಗ್ಲಾಸ್ಗೋಗೆ ಯಾರು, ಜುಲೈಯಲ್ಲಿ ಗ್ರೀಸಿನ ಕಾರ್ಫೂ ದ್ವೀಪಕ್ಕೆ ಯಾರು, ಎಲ್ಲ ಆ ಪಟ್ಟಿಯ ಪ್ರಕಾರ. ವಿಮಾನದ ಮುಂದಿನ ಬಾಗಿಲಲ್ಲಿ ನಿಂತು ಮೈಕು ಹಿಡಿಯುವ ಮುಖ್ಯಳನ್ನು ನಾವೆಲ್ಲ ನಂಬರ್ ಒನ್ ಅನ್ನುತ್ತಿದ್ದೆವು. ಆ ಪಟ್ಟವೂ ಪಟ್ಟಿಯ ಪ್ರಕಾರವೇ. ಪ್ರತಿ ಜನವರಿಯಲ್ಲಿ ಹೊಸ ಪಟ್ಟಿಯನ್ನು ಸಿಬ್ಬಂದಿ ಕೋಣೆಯ ಗೋಡೆಗೆ, ನೀರು ಕಾಯಿಸುವ ಕೆಟ್ಲಿನ ಪಕ್ಕ, ಅಂಟಿಸುತ್ತಿದ್ದರು. ಮೇಲಿನವರು ಬಿಟ್ಟು ಹೋದಂತೆ ಕೆಳಗಿನವರು ಏರುತ್ತಿದ್ದರು. ಎಂಬತ್ತನಾಲ್ಕು ಅರುವತ್ತೊಂದಾಯಿತು, ನಲವತ್ತಾಯಿತು. ಆದರೆ ಅವಳ ಮೇಲಿನ ಸಾಲಿನಲ್ಲಿ ಯಾವಾಗಲೂ ಅದೇ ಹೆಸರು. ಜೊತೆಯ ಹುಡುಗಿಯರು ಗ್ಲೆನಿಸ್‌ಗೆ ಕ್ಯಾರವಾನ್ ಎಂದು ಅಡ್ಡಹೆಸರಿಟ್ಟರು, ರಜೆಯಲ್ಲಿ ಕಾರಿನ ಬಾಲಕ್ಕೆ ಕಟ್ಟಿ ಎಳೆಯುತ್ತಾರಲ್ಲ, ಆ ಗಾಲಿಮನೆ. ಕಾರು ಯಾರೆಂದು ಕೇಳಬೇಕಾಗಿರಲಿಲ್ಲ.

೧೯೮೪ರಲ್ಲಿ ನಂಬರ್ ಒನ್‌ನ ಒಂದೇ ಒಂದು ಜಾಗ ಖಾಲಿಯಾಯಿತು. ಕೋರಲ್ ತೋಳಿಗೆ ಚಿನ್ನದ ಪಟ್ಟಿ ಹೊಲಿಸಿಕೊಂಡಳು. ಆ ವರ್ಷದ ಬೇಸಿಗೆಯಿಡೀ ಕೋರಲ್ ಮುಂದಿನ ಬಾಗಿಲಲ್ಲಿ ನಿಂತು, ಸ್ವಾಗತ, ಸ್ವಾಗತ, ಎನ್ನುತ್ತಿದ್ದರೆ ಗ್ಲೆನಿಸ್ ಹಿಂದೆ, ಶೌಚಾಲಯದ ಪಕ್ಕ, ಕೋಳಿಯ ಡಬ್ಬಿಗಳನ್ನು ಬಿಸಿ ಮಾಡುತ್ತಿದ್ದಳು. ಕೋರಲ್ ಕೆಟ್ಟವಳಾಗಿದ್ದರೆ ಅರ್ಧ ಉರಿ ಆರುತ್ತಿತ್ತು. ಅವಳು ಕೆಟ್ಟವಳಲ್ಲ. ಅವಳ ಮೈಗೆ ಬಿಸಿಲು ಜೇನಿನ ಹಾಗೆ ಹತ್ತುತ್ತಿತ್ತು, ಗ್ಲೆನಿಸ್‌ಗೆ ಕಲೆಕಲೆಯಾಗಿ. ಎಷ್ಟು ಹೊತ್ತು ಹಾರಿದರೂ ಕೋರಲ್‌ಳ ಕೂದಲಿನ ಒಂದು ಪಿನ್ನು ಜಾರುತ್ತಿರಲಿಲ್ಲ. ಗ್ಲೆನಿಸ್ ಆ ಪಿನ್ನುಗಳನ್ನೇ ನೋಡುತ್ತಿದ್ದಳು. ಹೊಟ್ಟೆಕಿಚ್ಚು ದೊಡ್ಡ ವಿಷಯಗಳನ್ನು ತಿಂದು ಬದುಕುವುದಿಲ್ಲ, ಇಂಥ ಪಿನ್ನುಗಳನ್ನು ತಿಂದು ಬದುಕುತ್ತದೆ.

ಇದಕ್ಕೊಂದು ಉಪಾಯ ಹೂಡಿದಳು. ಮದುವೆಯಾಗಿ ದೂರ ಹೋದವರ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತಿತ್ತು. ಕೋರಲ್ ಒಂಟಿ, ಮನೆಯಲ್ಲಿ ಕಾಯಿಲೆಯ ತಂದೆ. ಪಾಲ್ಮಾದ ಬಂದರಿನ ಹಿಂದಿನ ಬೀದಿಯಲ್ಲಿ ಬಾರ್ತೊಮೆವ್ ಅನ್ನುವ ಹೋಟೆಲಿನವನಿದ್ದ, ಹೆಂಡತಿ ತೀರಿಕೊಂಡವನು, ಮೀಸೆ ಒತ್ತಿ ಮಾತಾಡುವವನು. ಅವನಿಗೆ ಕೋರಲ್‌ಳ ಬಗ್ಗೆ, ಕೋರಲ್‌ಗೆ ಅವನ ಬಗ್ಗೆ, ಗ್ಲೆನಿಸ್ ಒಂದು ಬೇಸಿಗೆ ಪೂರ್ತಿ ಹೊಗಳಿದಳು. ಅವರ ಸ್ವಂತ ಅಕ್ಕತಂಗಿಯರೂ ಅಷ್ಟು ಮುತುವರ್ಜಿ ವಹಿಸುತ್ತಿರಲಿಲ್ಲ. ಕಡೆಗೆ ಕೋರಲ್ ಅವನ ಜೊತೆ ಊಟಕ್ಕೆ ಹೋದಳು. ಮರುದಿನ ವಿಮಾನ ಹತ್ತುವಾಗ ಅವಳ ಕೈಯಲ್ಲಿ ಎಂಟು ಮೂಲೆಯ ರಟ್ಟಿನ ಪೆಟ್ಟಿಗೆ, ಒಳಗೆ ಸಕ್ಕರೆಪುಡಿ ಉದುರಿಸಿದ ಸುರುಳಿ ರೊಟ್ಟಿ.

"ಏನಾಯ್ತೇ?" ಎಂದು ಗ್ಲೆನಿಸ್ ಉಸಿರು ಹಿಡಿದು ಕೇಳಿದಳು.

"ಪಾಪ, ಒಳ್ಳೇ ಮನುಷ್ಯ. ಮಾತು ಜಾಸ್ತಿ. ತಗೋ, ರೊಟ್ಟಿ ತಿನ್ನು, ನಿಂಗೆ ಅಂತಾನೇ ತಂದೆ."

ತಿಂದಳು. ರುಚಿಯಾಗಿತ್ತು. ಅದೂ ಉರಿಯಿತು.

ಹೀಗೆ ವರ್ಷಗಳು ಹೋದವು. ಗ್ಲೆನಿಸ್ ಕಾರು ಕಾರ್ಖಾನೆಯ ಟೆರಿಯನ್ನು ಮದುವೆಯಾದಳು, ಊರು ಬಿಡಲಿಲ್ಲ. ಮಗಳು ಹುಟ್ಟಿದಳು. ಮಗಳು ಕ್ರಿಸ್‌ಮಸ್ ದಿನ ಅಮ್ಮನಿಲ್ಲದೆ ಉಡುಗೊರೆ ಬಿಚ್ಚಿದ ವರ್ಷಗಳನ್ನು ಗ್ಲೆನಿಸ್ ಬೆರಳು ಮಡಚಿ ಹೇಳಬಲ್ಲಳು. ಆ ದಿನಗಳಲ್ಲಿ ಕೋರಲ್ ಮನೆಯಲ್ಲಿ ತಂದೆಯ ಜೊತೆ ಇದ್ದಳು. ಕ್ರಿಸ್‌ಮಸ್ ಅವಳೇ ಮೊದಲು ಆರಿಸುತ್ತಿದ್ದಳು, ಅದು ಅವಳ ಹಕ್ಕು. ಆ ಹಕ್ಕು ಹುಟ್ಟಿದ್ದು ನನ್ನ ಪೆನ್ನಿನಲ್ಲಿ, ಎಂದು ಗ್ಲೆನಿಸ್ ಟೆರಿಗೆ ಹೇಳುತ್ತಿದ್ದಳಂತೆ. ಟೆರಿ ಹಾಗಾದರೆ ಪೆನ್ನಿನ ಮೇಲೆ ಕೇಸು ಹಾಕು ಅನ್ನುತ್ತಿದ್ದ.

ತೊಂಬತ್ತರ ದಶಕದ ನಡುವಿಗೆ ಅಗ್ಗದ ಕಂಪನಿಗಳು ಬಂದವು. ನಮ್ಮೂರಿನ ರನ್‌ವೇ ಮೇಲೆ ಬಣ್ಣಬಣ್ಣದ ವಿಮಾನಗಳು. ಒಂದು ಪ್ಯಾಂಟಿನ ಬೆಲೆಗೆ ಸ್ಪೇನ್. ಅದರಲ್ಲಿ ಸ್ಕಿಪ್ ಅನ್ನುವುದು ಎಲ್ಲರಿಗಿಂತ ಜೋರು. ಅಲ್ಲಿ ಸೀಟಿಗೂ ನಂಬರಿಲ್ಲ, ಊಟವೂ ಇಲ್ಲ. ಓಡಿ ಹೋಗಿ ಕೂತವನದೇ ಸೀಟು. ಮೊದಲು ಬಂದವರಿಗೆ ಮೊದಲು, ಎಂದು ವಿಮಾನದ ಹೊಟ್ಟೆಯ ಮೇಲೆ ಬರೆಸಿದ್ದರು. ಜನ ಹೋಟೆಲನ್ನು ತಾವೇ ಹುಡುಕಿಕೊಂಡರು, ಹದಿನೈದು ದಿನದ ಪ್ಯಾಕೇಜು ಬಿಟ್ಟು ಮೂರು ದಿನಕ್ಕೆ ಹಾರಿದರು. ಲಾರ್ಕ್‌ನ ಅರ್ಧ ಸೀಟುಗಳು ಖಾಲಿ. ಮಾಲೀಕ ಹ್ಯಾಲಮ್ ಇದ್ದ ವಿಮಾನಗಳನ್ನೆಲ್ಲ ಮಾರಿ, ಅವನ್ನೇ ಬಾಡಿಗೆಗೆ ಪಡೆದು ಹಾರಿಸಿದ. ಮಾರಿದ ದುಡ್ಡು ಎಲ್ಲಿ ಹೋಯಿತೆಂದು ಕೇಳಿದವರಿಗೆ, ಉದ್ಯಮ ಕಷ್ಟದಲ್ಲಿದೆ, ಎಲ್ಲರೂ ಒಂದೇ ಕುಟುಂಬದಂತೆ ಇರೋಣ, ಎಂದು ಪತ್ರ ಬರೆದ. ಪತ್ರ ಬಂದದ್ದು ಪಾಲ್ಮಾ ಇರುವ ಮಯೋರ್ಕಾ ದ್ವೀಪದ ಗುಡ್ಡದ ಮೇಲಿನ ಅವನ ಮನೆಯಿಂದ.

ಸಿಬ್ಬಂದಿ ಕೋಣೆಯಲ್ಲಿ ಯಾರೂ ಆ ಪತ್ರ ಓದಲಿಲ್ಲ. ಪಕ್ಕದಲ್ಲೇ ಹೊಸ ಪಟ್ಟಿ ಇತ್ತು. ಎಲ್ಲರ ಕಣ್ಣು ಅದರ ಮೇಲೆ. ಗ್ಲೆನಿಸ್ ಹನ್ನೆರಡಕ್ಕೆ ಏರಿದ್ದಳು. ಕೋರಲ್ ಹನ್ನೊಂದು.

ಬಾಡಿಗೆ ವಿಮಾನದ ಕಂಪನಿಗಳು ಸಾಯುವುದು ಬೇಸಿಗೆ ಮುಗಿದ ಮೇಲೆ, ಚಳಿಗಾಲಕ್ಕೆ ಅನ್ನವಿರುವುದಿಲ್ಲ. ೨೦೦೨ರ ಅಕ್ಟೋಬರಿನ ಒಂದು ಮಧ್ಯಾಹ್ನ ಪಾಲ್ಮಾದಲ್ಲಿ ಗ್ಲೆನಿಸ್, ಅದೇ ವಿಮಾನದಲ್ಲಿ ಹಿರಿಯಳಾದ ಕೋರಲ್ ಇದ್ದದ್ದರಿಂದ, ಹಿಂದಿನ ಬಾಗಿಲಲ್ಲಿ ನಿಂತು ಕೆಳಗೆ ನೋಡಿದಳು. ಇಂಧನದ ಲಾರಿ ಬಂದಿತ್ತು. ಆದರೆ ದಿನವೂ ಮೇಲೆ ಬಂದು ಚಹಾ ಕುಡಿದು ಹೋಗುತ್ತಿದ್ದ ಲಾರಿಯವನು ಇಂದು ಕೊಳವೆಯನ್ನು ಸುರುಳಿಯಿಂದ ಬಿಚ್ಚದೆ ಕೈಕಟ್ಟಿ ನಿಂತಿದ್ದ. ಮೇಲೆ ನೋಡಲಿಲ್ಲ. ಇಪ್ಪತ್ತಾರು ವರ್ಷದ ಅನುಭವಕ್ಕೆ ಅಷ್ಟು ಸಾಕು. ಕಂಪನಿಯ ಹೆಸರಿಗೆ ಇಂಧನ ಕೊಡುವುದನ್ನು ನಿಲ್ಲಿಸಿದ್ದಾರೆ ಅಂದರೆ ಕಂಪನಿ ಇಲ್ಲ.

ಆಗ ಅವಳಿಗಾದದ್ದು ಏನು ಗೊತ್ತೇ? ಅವಳೇ ನನಗೆ ಹೇಳಿದ್ದು, ಮುಚ್ಚುಮರೆಯಿಲ್ಲದೆ. ಖುಷಿ. ಮೊಟ್ಟಮೊದಲ ಸಲ ಕೋರಲ್‌ಗಿಂತ ಮುಂಚೆ ತನಗೆ ಒಂದು ವಿಷಯ ತಿಳಿದಿದೆ. ಮನೆಯಲ್ಲಿ ಗಂಡನಿಗೆ ಕೆಲಸವಿಲ್ಲ, ಕಾರು ಕಾರ್ಖಾನೆ ಮಾರ್ಚಿನಲ್ಲೇ ಬಾಗಿಲು ಹಾಕಿತ್ತು. ಈಗ ತನ್ನ ಕೆಲಸವೂ ಹೋಯಿತು. ಆದರೂ ಅವಳು ಆ ಸುದ್ದಿಯನ್ನು ಐದು ನಿಮಿಷ ಬಾಯಲ್ಲಿ ಪೆಪ್ಪರಮೆಂಟಿನ ಹಾಗೆ ಚೀಪಿದಳು. ಆಮೇಲೆ ಎದೆ ಸೆಟೆಸಿ ನಡುದಾರಿಯುದ್ದ ನಡೆದು ಮುಂದೆ ಹೋಗಿ ಕೋರಲ್‌ಳ ಕಿವಿಯಲ್ಲಿ ಹೇಳಿದಳು.

"ಗೊತ್ತು ಕಣೇ," ಅಂದಳು ಕೋರಲ್. "ಕ್ಯಾಪ್ಟನ್ ಆಗಲೇ ಹೇಳಿದ್ರು. ನೀನು ಹಿಂದೆ ಹೋಗು, ಮಕ್ಕಳಿಗೆ ಜ್ಯೂಸ್ ಕೊಡ್ತಿರು."

ಕ್ಯಾಪ್ಟನ್ ಗೋರಿಂಜ್ ತನ್ನ ಸ್ವಂತ ಕ್ರೆಡಿಟ್ ಕಾರ್ಡು ಕೊಟ್ಟ ಮೇಲೆ ಲಾರಿಯವನು ಕೊಳವೆ ಸಿಕ್ಕಿಸಿದ. ಲೂಟನ್ನಿನಲ್ಲಿ ಚಕ್ರ ನೆಲ ಮುಟ್ಟಿದಾಗ ಪ್ರಯಾಣಿಕರು ವಾಡಿಕೆಯಂತೆ ಚಪ್ಪಾಳೆ ತಟ್ಟಿದರು. ಕೋರಲ್ ಮೈಕಿನಲ್ಲಿ, ಲಾರ್ಕ್‌ನ ಜೊತೆ ಹಾರಿದ್ದಕ್ಕೆ ವಂದನೆ, ಮತ್ತೆ ಸಿಗೋಣ, ಅಂದಳು. ಏಣಿಯ ಬುಡದಲ್ಲಿ, ಕಂಪನಿಗೆ ಬೀಗ ಹಾಕಲು ಬಂದ, ಕೋಟು ತೊಟ್ಟ ಇಬ್ಬರು ನಿಂತು ಗುರುತಿನ ಚೀಟಿಗಳನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹಾಕಿಸಿಕೊಂಡರು. ಮರುದಿನ ನಾನು ಸಿಬ್ಬಂದಿ ಕೋಣೆಗೆ ಹೋದಾಗ ಗೋಡೆಯ ಮೇಲೆ ಪಟ್ಟಿ ಇರಲಿಲ್ಲ. ಯಾರು ಕಿತ್ತುಕೊಂಡು ಹೋದರೆಂದು ಇಂದಿಗೂ ಗೊತ್ತಿಲ್ಲ. ಗ್ಲೆನಿಸ್ ಅಂತೂ ತಾನಲ್ಲ ಅನ್ನುತ್ತಾಳೆ.

ಮೂರು ವಾರದ ನಂತರ ಸ್ಕಿಪ್ ಕಂಪನಿ ಪತ್ರಿಕೆಯಲ್ಲಿ ದೊಡ್ಡದಾಗಿ ಹಾಕಿಸಿತು. ಲಾರ್ಕ್‌ನ ಅನುಭವಿಗಳಿಗೆ ಕೆಲಸ. ನಲವತ್ತು ಜಾಗ. ಸಂದರ್ಶನವಿಲ್ಲ, ಶಿಫಾರಸಿಲ್ಲ, ನಮ್ಮ ಟಿಕೆಟ್ಟಿನ ಹಾಗೇ: ಮೊದಲು ಬಾಗಿಲು ದಾಟಿದ ನಲವತ್ತು ಜನರಿಗೆ. ಕೆಲಸ ಕಳೆದುಕೊಂಡವರು ಆರುನೂರು. ಅವರನ್ನು ಬೀದಿಯಲ್ಲಿ ಸಾಲು ನಿಲ್ಲಿಸಿ ಫೋಟೋ ತೆಗೆಸಿದರೆ ಅದೊಂದು ಪುಕ್ಕಟೆ ಜಾಹೀರಾತು. ಆ ಯೋಚನೆ ಮಾಡಿದವನಿಗೆ ಬಡ್ತಿ ಸಿಕ್ಕಿರಬೇಕು.

ಬೆಳಗಿನ ಐದೂವರೆಗೆ ಗ್ಲೆನಿಸ್ ಜಾಹೀರಾತಿನಲ್ಲಿ ಹೇಳಿದ್ದ ಹೋಟೆಲಿನ ಮುಂದೆ ತಲುಪಿದಳು. ಸಾಲು ಆಗಲೇ ಮೂಲೆ ತಿರುಗಿತ್ತು. ಹೋಗಿ ನಿಂತಳು. ಮುಂದಿನ ತಲೆಯಲ್ಲಿ ಪಿನ್ನುಗಳು. ಒಂದೂ ಜಾರಿಲ್ಲ.

ಕೋರಲ್ ತಿರುಗಿ ನಕ್ಕಳು. ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ಕೊಟ್ಟಳು. ತಂದೆ ಹೋದ ವರ್ಷ ತೀರಿಕೊಂಡ ಮೇಲೆ ಬೇಗ ಎಚ್ಚರವಾಗುತ್ತದೆ ಅಂದಳು. ಗ್ಲೆನಿಸ್ ಚಹಾ ಕುಡಿಯುತ್ತ ಆ ಬೆನ್ನನ್ನೇ ನೋಡಿದಳು. ಒಂದು ಬಸ್ಸು ಮುಂಚೆ ಸಿಕ್ಕಿದ್ದರೆ. ಕಾಲುಚೀಲ ಹುಡುಕುತ್ತ ನಿಲ್ಲದೆ ಇದ್ದಿದ್ದರೆ.

ಎಂಟು ಗಂಟೆಗೆ ಕಾಗದ ಸಿಕ್ಕಿಸಿದ ರಟ್ಟು ಹಿಡಿದ ಒಬ್ಬ ಹುಡುಗಿ ಹೊರಗೆ ಬಂದು ಸಾಲಿನುದ್ದ ಬೆರಳಿಟ್ಟು ಎಣಿಸಿದಳು. ಮೂವತ್ತೆಂಟು, ಮೂವತ್ತೊಂಬತ್ತು. ಕೋರಲ್‌ಳ ಭುಜ ಮುಟ್ಟಿ ನಲವತ್ತು ಅಂದಳು. ಗ್ಲೆನಿಸ್‌ಳ ಮುಂದೆ ಕೈ ಅಡ್ಡ ಇಟ್ಟು, ಇಲ್ಲಿಂದ ಹಿಂದಿನವರೆಲ್ಲ ಮನೆಗೆ ಹೋಗಬಹುದು, ಬಂದಿದ್ದಕ್ಕೆ ವಂದನೆ, ಅಂದಳು.

ಗ್ಲೆನಿಸ್ ಮನೆಗೆ ಹೋಗಲಿಲ್ಲ. ಸಾಲಿನ ಜೊತೆಗೇ, ಸಾಲಿನಲ್ಲಿ ಇಲ್ಲದವಳಾಗಿ, ಬಾಗಿಲವರೆಗೆ ನಡೆದಳು. ಯಾಕೆ ಅಂತ ತನಗೂ ಗೊತ್ತಿಲ್ಲ ಅನ್ನುತ್ತಾಳೆ. ನನಗೆ ಗೊತ್ತು. ಕ್ಯಾರವಾನ್ ಇನ್ನೆಲ್ಲಿಗೆ ಹೋಗುತ್ತದೆ? ಮೂವತ್ತೊಂಬತ್ತನೆಯವಳು ಒಳಗೆ ಹೋದಳು. ಕೋರಲ್ ಗಾಜಿನ ಬಾಗಿಲನ್ನು ತಳ್ಳಿದಳು. ಒಳಗೆ ಹೋಗಲಿಲ್ಲ. ಬಾಗಿಲು ಹಿಡಿದು ಪಕ್ಕಕ್ಕೆ ಸರಿದು ನಿಂತಳು.

"ನೀನು ಹೋಗು."

"ಏನು?"

"ಅವತ್ತು ನೀನು ಹಿಡಿದಿದ್ದೆ. ನೆನಪಿದೆ ನಂಗೆ. ಟೆರಿಗೆ ಕೆಲಸ ಇಲ್ಲ ಅಲ್ವಾ, ಹೋಗೇ. ಇವಳಿಗೆ ನಲವತ್ತು ತಲೆ ಬೇಕು, ಯಾರ ತಲೆ ಆದ್ರೇನು."

ರಟ್ಟಿನ ಹುಡುಗಿ ಗಡಿಯಾರ ನೋಡಿಕೊಂಡಳು. ಗ್ಲೆನಿಸ್ ಒಳಗೆ ಹೋದಳು. ಥ್ಯಾಂಕ್ಸ್ ಹೇಳಲಿಲ್ಲ. ಬಾಗಿಲು ಮುಚ್ಚಿತು, ಕೋರಲ್ ಹೊರಗೆ ಉಳಿದಳು.

ಈಗ ನೀವು ಕಣ್ಣೊರೆಸಿಕೊಳ್ಳಲು ಕರವಸ್ತ್ರ ಹುಡುಕುತ್ತಿದ್ದರೆ ಬೇಡ. ಗ್ಲೆನಿಸ್ ಅಳಲಿಲ್ಲ. ಸಹಿ ಹಾಕುವಾಗ ಅವಳು ಪೆನ್ನನ್ನು ಕಾಗದ ಹರಿಯುವಷ್ಟು ಒತ್ತಿದ್ದು ಸಿಟ್ಟಿನಿಂದ. ನೆನಪಿದೆಯಂತೆ. ಇಪ್ಪತ್ತಾರು ವರ್ಷ ನೆನಪಿಟ್ಟುಕೊಂಡಿದ್ದಳು. ನೆನಪಿಟ್ಟುಕೊಂಡೇ ಪ್ರತಿ ಕ್ರಿಸ್‌ಮಸ್ ಮೊದಲು ಆರಿಸಿಕೊಂಡಿದ್ದಳು. ಈಗ ಒಂದು ಬಾಗಿಲು ಹಿಡಿದು ಒಳ್ಳೆಯವಳೂ ಆಗಿಬಿಟ್ಟಳು. ಅದರಲ್ಲೂ ಅವಳೇ ಮುಂದೆ.

ಸ್ಕಿಪ್‌ನಲ್ಲಿ ಮೊದಲ ದಿನ ಗ್ಲೆನಿಸ್ ಕೇಳಿದ ಮೊದಲ ಪ್ರಶ್ನೆ, ಪಟ್ಟಿಯಲ್ಲಿ ನನ್ನ ನಂಬರ್ ಎಷ್ಟು, ಎಂದು. ತರಬೇತಿ ಕೊಡುವ ಹುಡುಗನಿಗೆ ಅರ್ಥವಾಗಲಿಲ್ಲ.

"ನಂಬರಾ? ಕಾರ್ಡಿನ ಹಿಂದೆ ಇರುತ್ತೆ ನೋಡಿ ಅಮ್ಮ. ಆರಂಕಿ."

ಪಟ್ಟಿಯೇ ಇರಲಿಲ್ಲ. ಯಾವ ದಿನ ಯಾರು ಹಾರಬೇಕೆಂದು ಕಂಪ್ಯೂಟರು ಹೇಳುತ್ತಿತ್ತು. ಯಾರೂ ಮೇಲಿಲ್ಲ, ಯಾರೂ ಕೆಳಗಿಲ್ಲ. ಎಲ್ಲರೂ ನಾಳೆ ಬೇಡವಾಗಬಹುದಾದವರು. ಸಮವಸ್ತ್ರದ ದುಡ್ಡು ಸಂಬಳದಲ್ಲೇ ಮುರಿದುಕೊಂಡರು. ವಿಮಾನ ಇಳಿದು ಮತ್ತೆ ಏರುವ ಇಪ್ಪತ್ತೈದು ನಿಮಿಷದಲ್ಲಿ ಸೀಟಿನ ಸಂದಿಯ ಬಾಳೆಹಣ್ಣಿನ ಸಿಪ್ಪೆ ಅವಳೇ ತೆಗೆಯಬೇಕು, ಆಮೇಲೆ ಕೈ ತೊಳೆದು ಲಾಟರಿ ಚೀಟಿ ಮಾರಬೇಕು. ಉರಿಯಲು ಒಂದು ಬೆನ್ನೂ ಮುಂದಿರಲಿಲ್ಲ. ಆ ನಾಲ್ಕು ವರ್ಷದಷ್ಟು ಒಂಟಿತನ ನನ್ನ ಜನ್ಮದಲ್ಲಿ ಕಂಡಿಲ್ಲ ಎಂದು ಅವಳು ನನ್ನ ಹತ್ತಿರ ಹೇಳಿದ್ದಾಳೆ. ೨೦೦೬ರ ಸೆಪ್ಟೆಂಬರಿನಲ್ಲಿ ಸ್ಕಿಪ್ ಕೂಡ ಮುಳುಗಿತು. ಈ ಸಲ ಕೋಟಿನವರು ಏಣಿಯ ಬುಡಕ್ಕೂ ಬರಲಿಲ್ಲ. ಫೋನಿಗೆ ಒಂದು ಸಂದೇಶ ಬಂತು.

ಕೋರಲ್ ಏನಾದಳು? ನಗರಸಭೆಯ ಕೆಲಸಕ್ಕೆ ಸೇರಿದಳು. ಶಾಲೆಯ ಮುಂದೆ ಹಳದಿ ಕೋಟು ತೊಟ್ಟು, ತುದಿಯಲ್ಲಿ ದುಂಡು ಹಲಗೆಯ ಕೋಲು ಹಿಡಿದು, ಕಾರುಗಳನ್ನು ನಿಲ್ಲಿಸಿ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ. ಎಪ್ಪತ್ತು ದಾಟಿದರೂ ಬಿಟ್ಟಿಲ್ಲ. ಗ್ಲೆನಿಸ್ ಮೊಮ್ಮಗಳನ್ನು ಬಿಡಲು ದಿನವೂ ಅದೇ ರಸ್ತೆ ದಾಟಬೇಕು. ಕೋರಲ್ ಕೋಲು ಎತ್ತಿ, ಲಾರಿ ನಿಲ್ಲಿಸಿ, ದಿನವೂ ಅದೇ ತಮಾಷೆ ಮಾಡುತ್ತಾಳೆ: "ನೀನು ಹೋಗು." ಗ್ಲೆನಿಸ್ ತುಟಿ ಬಿಗಿದು ದಾಟುತ್ತಾಳೆ.

ಹೋದ ತಿಂಗಳು ಅವಳ ಜೊತೆ ನಾನೂ ದಾಟಿದೆ. ಆಚೆ ಬದಿಗೆ ಹೋಗಿ ತಿರುಗಿ ನಿಂತಳು.

"ನೋಡು, ಆ ಕೋಟು ಹೇಗೆ ಒಪ್ಪುತ್ತೆ ಅವಳಿಗೆ. ನಾನು ಹಳದಿ ಹಾಕಿದ್ರೆ ಕಾಮಾಲೆ ರೋಗಿ ಥರ ಕಾಣ್ತೀನಿ. ನಗರಸಭೆ ಪಿಂಚಣಿ ಬೇರೆ."

ನಾನು ಕೇಳಿದೆ, ಒಂದು ದಿನವಾದರೂ ಹ್ಯಾಲಮ್‌ನ ಮೇಲೆ ಹೊಟ್ಟೆ ಉರಿದಿತ್ತಾ, ಎಂದು. ವಿಮಾನ ಮಾರಿ ಗುಡ್ಡದ ಮೇಲೆ ಮನೆ ಉಳಿಸಿಕೊಂಡವನು. ಅವನು ಈಗಲೂ ಅಲ್ಲೇ ಇದ್ದಾನೆ, ಈಜುಕೊಳ ದೊಡ್ಡದು ಮಾಡಿಸಿದ್ದಾನೆ ಅಂತ ಸುದ್ದಿ. ಸಾಲು ನಿಲ್ಲಿಸಿ ಫೋಟೋ ತೆಗೆಸಿದ ಆ ಸ್ಕಿಪ್‌ನವರ ಮೇಲಾದರೂ?

ಗ್ಲೆನಿಸ್ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು.

"ಅವರ ಮೇಲೆ ಯಾಕೆ? ಅವರು ಲಿಸ್ಟಲ್ಲೇ ಇರಲಿಲ್ಲವಲ್ಲ."

ಅದಕ್ಕೇ ಪಟ್ಟಿ ಮಾಡುತ್ತಾರೆ. ನಮಗೊಂದು ಬೆನ್ನು ಕೊಟ್ಟರೆ ಸಾಕು, ಜನ್ಮವಿಡೀ ಅದನ್ನೇ ನೋಡುತ್ತೇವೆ, ಅದರ ಪಿನ್ನು ಎಣಿಸುತ್ತೇವೆ. ನಿಮ್ಮ ಮುಂದೆಯೂ ಯಾರೋ ನಿಂತಿದ್ದಾರೆ, ನಿಮಗಿಂತ ಒಂದೇ ಒಂದು ಹೆಜ್ಜೆ ಮುಂದೆ. ಆಫೀಸಿನಲ್ಲಿ, ಬೀದಿಯಲ್ಲಿ, ನಿಮ್ಮದೇ ಮನೆಯಲ್ಲಿ. ಆ ಬೆನ್ನಿನಿಂದ ಒಂದು ಗಳಿಗೆ ಕಣ್ಣು ಕೀಳಿ. ಸಾಲಿನಲ್ಲಿ ನಿಲ್ಲದೆಯೇ ಎಲ್ಲ ಪಡೆದವನು ಯಾರು ಎಂದು ನೋಡಿ, ಅವನ ಹೆಸರನ್ನು ಗಟ್ಟಿಯಾಗಿ ಹೇಳಿ.